ಆಗಸ್ಟ್ ತಿಂಗಳ ಉಣ್ಣೆ ಅಂಗಿ

ಬೆಲ್ಜಿಯಂನ ನಮ್ಮ ಗೇಲ್ ಊರಿನ ಹೆಂಗಸರಿಗೆ ತಲೆ ಕೆಟ್ಟವರ ವಿಷಯದಲ್ಲಿ ಗೊತ್ತಿಲ್ಲದ್ದು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಬೀದಿಯ ಆ ತುದಿಯಲ್ಲಿ ಒಬ್ಬ ಮನುಷ್ಯ ಸೈಕಲ್ಲಿನಿಂದ ಇಳಿಯುವ ರೀತಿ ನೋಡಿಯೇ ಅವನಿಗೆ ಯಾವ ಮಾತ್ರೆ, ಊಟಕ್ಕೆ ಮೊದಲೋ ಆಮೇಲೋ ಎಂದು ಹೇಳಿಬಿಡುತ್ತೇವೆ. ಬ್ರಸೆಲ್ಸ್‌ನಿಂದ ಒಮ್ಮೆ ದೊಡ್ಡ ದೊಡ್ಡ ಡಾಕ್ಟರುಗಳ ದಂಡೇ ಬಂದು, ನಮ್ಮ ಬೀದಿಯ ಹೆಂಗಸರ ಮುಂದೆ ಟೊಪ್ಪಿಗೆ ತೆಗೆದು ನಿಂತು, ವಿನಯದಿಂದ ಪ್ರಶ್ನೆ ಕೇಳಿತ್ತು. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳೋಣ. ಟೊಪ್ಪಿಗೆ ತೆಗೆದದ್ದು ನಿಜ, ಅವತ್ತು ಸೆಕೆಯಿತ್ತು. ಪ್ರಶ್ನೆ ಕೇಳಿದ್ದೂ ನಿಜ; ಕೇಳಿದ್ದು ಮಾತ್ರ ಕಕ್ಕಸು ಎಲ್ಲಿದೆ ಎಂದು.

ಉಳಿದದ್ದು ಅಪ್ಪಟ. ಅಜ್ಜಿಯ ಅಜ್ಜಿಯ ಕಾಲದಿಂದಲೂ ತಲೆ ನೆಟ್ಟಗಿಲ್ಲದವರನ್ನು ಆಸ್ಪತ್ರೆಯವರು ನಮ್ಮ ಮನೆಗಳಿಗೇ ಕಳಿಸುತ್ತಾರೆ. ಅವರು ನಮ್ಮ ಮಹಡಿ ಕೋಣೆಯಲ್ಲಿ ಮಲಗಿ, ನಮ್ಮ ಮೇಜಿನಲ್ಲಿ ಉಂಡು, ನಮ್ಮ ಆಲೂಗೆಡ್ಡೆ ಸುಲಿದು, ನಮ್ಮ ಜೊತೆಗೇ ಮುದುಕರಾಗುತ್ತಾರೆ. ಅವರನ್ನು ರೋಗಿ ಎನ್ನುವ ರೂಢಿಯಿಲ್ಲ, ‘ಊಟದವರು’ ಎನ್ನುತ್ತೇವೆ. ಹೊಸಬರು ಬಂದಾಗ ಏನು ಕಾಯಿಲೆ ಎಂದು ಕೇಳುವುದು ಹೊಸ ಸೊಸೆಯ ಬಾಯಿ ತೆರೆಸಿ ಹಲ್ಲು ಎಣಿಸಿದಷ್ಟೇ ಅಸಹ್ಯ. ‘ಏನು ತಿನ್ನುತ್ತೀ?’ ಎಂದು ಕೇಳಬಹುದು, ಅಷ್ಟೆ.

ಮಿಲ್ಲಾ ಹೆಲ್ಸೆನ್ ಕೂಡ ಅಷ್ಟನ್ನೇ ಕೇಳಿದ್ದಳು. ಅವಳ ತಾಯಿ, ತಾಯಿಯ ತಾಯಿ, ಎಲ್ಲರೂ ಊಟದವರನ್ನು ಇಟ್ಟುಕೊಂಡವರೇ. ಆ ಮನೆಯಿಂದ ಒಬ್ಬರನ್ನೂ ಆಸ್ಪತ್ರೆಯವರು ವಾಪಸ್ ಕರೆದುಕೊಂಡು ಹೋದದ್ದಿಲ್ಲ. ಹೋದವರೆಲ್ಲ ಶವಪೆಟ್ಟಿಗೆಯಲ್ಲೇ, ಅದೂ ತುಂಬಿದ ಹೊಟ್ಟೆಯಲ್ಲೇ ಹೋದದ್ದು. ಗಂಡ ತೀರಿಕೊಂಡ ಮೇಲೆ ಮಿಲ್ಲಾಳಿಗೆ ಮೇಜಿನ ಎದುರು ಕುರ್ಚಿ ಖಾಲಿ ಕಾಣುವುದನ್ನು ಸಹಿಸಲಾಗಲಿಲ್ಲ. ಮನೆಮನೆ ತಿರುಗಿ ಊಟದವರ ಯೋಗಕ್ಷೇಮ ನೋಡುವ ನರ್ಸ್ ಹೆರ್ಲಿಂಡಳಿಗೆ ಹೇಳಿಕಳಿಸಿದಳು. ಹೆರ್ಲಿಂಡ ಸಮುದ್ರತೀರದ ಕಡೆಯ ಫಿರ್ಮಿನ್ ಎಂಬವನನ್ನು ಕರೆತಂದಳು.

ಉದ್ದ ಮುಖ, ಪಿಯಾನೋ ನುಡಿಸುವವನ ಹಾಗೆ ಸಪೂರ ಬೆರಳು, ಪುಟ್ಟ ಕಿವಿ. ಮಾತು ಮಾತ್ರ ಪೂರ್ತಿ ಮೂಗಿನಿಂದಲೇ. ಹೂಜಿಯೊಳಗೆ ತಲೆಯಿಟ್ಟು ಮಾತಾಡಿದ ಹಾಗೆ.

“ಏನ್ ತಿಂತೀಯಪ್ಪಾ?” ಎಂದಳು ಮಿಲ್ಲಾ.

“ಏನ್ ಕೊಟ್ರೂ ತಿಂತೀನಿ, ಚಿಕ್ಕಮ್ಮ.”

ಈ ಒಂದು ಮಾತನ್ನು ನೆನಪಿಟ್ಟುಕೊಂಡಿರಿ. ಮನೆ ಮುರಿಯುವುದಕ್ಕೆ ಜಗಳವೇ ಬೇಕೆಂದಿಲ್ಲ, ಮರ್ಯಾದೆಯೂ ಸಾಕು.

ಬಂದ ವಾರದಲ್ಲೇ ಫಿರ್ಮಿನ್ ಕಲ್ಲಿದ್ದಲ ಬಕೆಟ್ಟಿಗೆ ಮೊಣಕಾಲು ತಗುಲಿಸಿಕೊಂಡ. ತಗುಲಿದ್ದೇನು, ನೊಣ ಕೂತ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಬೆಲ್ಜಿಯಂ ನಕ್ಷೆಯೇ ಮೂಡಿತ್ತು. ಸಮುದ್ರದ ಕಡೆ ನೀಲಿ, ನಮ್ಮ ಕಡೆ ನೇರಳೆ, ಫ್ರೆಂಚ್ ಮಾತಾಡುವವರ ಕಡೆ ಕೆಂಪು. ಮಾರನೆಯ ದಿನ ಬಾಗಿಲ ಹಿಡಿ ತೋಳಿಗೆ ಬಡಿಯಿತು. ಅಲ್ಲಿ ಹಾಲೆಂಡೂ ಬಂತು.

ಮಿಲ್ಲಾ ಮೊದಲು ಕಿಟಕಿಯ ಪರದೆ ಎಳೆದಳು. ಕಾರಣ ಇದೆ. ಊಟದವರ ಮೈಮೇಲೆ ಏಟಿನ ಕಲೆ ಕಂಡರೆ ಆ ಮನೆಯ ಕಥೆ ಮುಗಿದ ಹಾಗೆ. ಊರಾಚೆಯ ಒಂದು ಮನೆಯಲ್ಲಿ ಹಿಂದೊಮ್ಮೆ ಹಾಗಾಗಿತ್ತು. ಮಧ್ಯಾಹ್ನ ಕಲೆ ಕಂಡಿತು, ಸಂಜೆಗೆ ಊಟದವನನ್ನು ಕರೆದುಕೊಂಡು ಹೋದರು. ಆಮೇಲೆ ಆ ಮನೆಯಾಕೆಗೆ ಚರ್ಚಿನಲ್ಲಿ ಕಂಬದ ಹಿಂದಿನ ಜಾಗವೇ ಗತಿ. ಬೇಕರಿಯವನು ಅವಳಿಗೆ ನಿನ್ನೆಯ ಬ್ರೆಡ್ಡು ಕೊಡುತ್ತಿದ್ದ. ಅವಳ ಕೋಳಿಗಳು ಕೂಡ ನಾಚಿಕೆಯಿಂದ ಮೊಟ್ಟೆ ಇಡುವುದನ್ನು ಬಿಟ್ಟವಂತೆ.

‘ನಾನು ಇವನನ್ನ ಮುಟ್ಟಿಲ್ಲ’ ಎಂದರೆ ಯಾರು ನಂಬುತ್ತಾರೆ? ಪಕ್ಕದ ಮನೆಯ ಇರ್ಮಾ ನಂಬುತ್ತಾಳೆಯೇ? ಮಿಲ್ಲಾ ಅಟ್ಟ ಹತ್ತಿ ಗಂಡನ ಉಣ್ಣೆ ಅಂಗಿಗಳನ್ನು ಇಳಿಸಿದಳು.

“ಹಾಕ್ಕೋ ಇದನ್ನ.”

“ಚಿಕ್ಕಮ್ಮ, ಇದು ಆಗಸ್ಟ್ ತಿಂಗ್ಳು.”

“ನಿಂದು ಶೀತದ ಮೈ.”

“ನಂಗೆ ಬೆವ್ರು ಸುರೀತಿದೆ.”

“ಶೀತದ ಬೆವ್ರು ಅದು. ಯಾರಾದ್ರೂ ಕೇಳಿದ್ರೆ ಏನಂತೀಯಾ?”

“ನಂದು ಶೀತದ ಮೈ ಅಂತೀನಿ.”

“ಜಾಣ. ಬಾ, ದೋಸೆ ತಿನ್ನು.”

ದೋಸೆ ಎಂದರೆ ನಮ್ಮ ಕಡೆಯ ವಾಫಲ್. ಎರಡು ಕಬ್ಬಿಣದ ಅಚ್ಚಿನ ನಡುವೆ ಹಿಟ್ಟು ಹುಯ್ದು ಒತ್ತಿ ಸುಡುವುದು. ಮಿಲ್ಲಾಳ ಅಚ್ಚು ಅವಳ ಅಜ್ಜಿಯದು. ಅದರಲ್ಲಿ ಒಂದು ಹಲ್ಲು ಮುರಿದಿತ್ತು. ಆದ್ದರಿಂದ ಅವಳ ಪ್ರತಿ ವಾಫಲ್ಲಿನಲ್ಲೂ ಚೌಕ ಗುಳಿಗಳ ಸಾಲಿನಲ್ಲಿ ಒಂದು ಮನೆ ಕುರುಡು, ಗುಳಿಯಿಲ್ಲದೆ ಮುಚ್ಚಿಕೊಂಡಿರುತ್ತಿತ್ತು. ಉಳಿದೆಲ್ಲ ಮನೆಯಲ್ಲಿ ಸಕ್ಕರೆ ಪಾಕ ನಿಂತರೆ ಅದೊಂದರಲ್ಲಿ ನಿಲ್ಲದೆ ಹರಿದುಹೋಗುತ್ತಿತ್ತು. ಫಿರ್ಮಿನ್ ಯಾವಾಗಲೂ ಆ ಕುರುಡು ಮನೆಯಿಂದಲೇ ತಿನ್ನಲು ಶುರುಮಾಡುತ್ತಿದ್ದ.

ಇನ್ನು ಅವನ ತಲೆಯ ವಿಷಯ. ಕೇಳಬಾರದು, ಆದರೆ ಅವನೇ ಹೇಳಿದ. ಅವನ ತಲೆಯೊಳಗೆ ಒಂದು ಊರಿನ ಇಡೀ ಬ್ಯಾಂಡ್ ಸೆಟ್ ಬಿಡಾರ ಹೂಡಿತ್ತು. ಕಹಳೆ, ಕೊಳಲು, ತಾಳ, ಎಲ್ಲ ಸೇರಿ ಹೊತ್ತಲ್ಲದ ಹೊತ್ತಿನಲ್ಲಿ ಅಭ್ಯಾಸ. ನುಡಿಸಿದರೆ ಪರವಾಗಿಲ್ಲ, ಅವರು ನುಡಿಸುತ್ತಲೇ ಅವನ ಮೇಲೆ ಚಾಡಿ ಹೇಳುತ್ತಿದ್ದರು. ದೊಡ್ಡ ಡೋಲಿನವನು ಎಲ್ಲರಿಗಿಂತ ಕೆಟ್ಟವನು. ಒಂದೊಂದು ಏಟಿಗೂ ‘ದಂಡ! ಪಿಂಡ!’ ಎನ್ನುತ್ತಿದ್ದ. ಎಷ್ಟೋ ಮಾತ್ರೆ ನುಂಗಿಸಿದರೂ ಬ್ಯಾಂಡ್ ಜಗ್ಗಲಿಲ್ಲ. ಫಿರ್ಮಿನ್ ಒಮ್ಮೊಮ್ಮೆ ಊಟದ ಮಧ್ಯೆ ಎದ್ದು, ಕಿವಿ ಮುಚ್ಚಿಕೊಂಡು ಕೋಳಿಗೂಡಿನಲ್ಲಿ ಹೋಗಿ ಕೂರುತ್ತಿದ್ದ.

ಅವನು ಬಂದು ಕೆಲವು ವರ್ಷಗಳಾದ ಮೇಲೆ ಹಳೆಯ ಡಾಕ್ಟರು ಒಂದು ಹೊಸ ಮಾತ್ರೆ ಶುರುಮಾಡಿದರು. ಬ್ಯಾಂಡಿನವರು ಒಬ್ಬೊಬ್ಬರೇ ವಾದ್ಯ ಹೆಗಲಿಗೇರಿಸಿಕೊಂಡು ಮನೆಗೆ ಹೋದರು. ಕೊನೆಗೆ ಡೋಲಿನವನೂ ಹೋದ. ಒಬ್ಬ ಕೊಳಲಿನವನು ಮಾತ್ರ ಉಳಿದ. ಅವನು ಭಾನುವಾರ ಸಣ್ಣಗೆ ನುಡಿಸುತ್ತಾನೆ, ಯಾರನ್ನೂ ಬೈಯುವುದಿಲ್ಲ. ‘ಅವನು ಇರ್ಲಿ ಬಿಡಿ, ಒಳ್ಳೆಯವನು’ ಎಂದ ಫಿರ್ಮಿನ್. ಕೋಳಿಗೂಡು ಕೋಳಿಗಳಿಗೇ ಉಳಿಯಿತು.

ಆ ಮಾತ್ರೆಗೆ ಒಂದು ಕರಾರು. ಅದು ಕೆಲವರ ರಕ್ತ ಕೆಡಿಸುತ್ತದಂತೆ. ಆದ್ದರಿಂದ ತಿಂಗಳು ತಿಂಗಳು ತೋಳು ಚಾಚಿ ರಕ್ತ ಕೊಡಬೇಕು. ರಕ್ತದಲ್ಲಿ ಬಿಳಿ ಕಣ ಸರಿಯಿದ್ದರೆ ಮಾತ್ರೆ, ಇಲ್ಲದಿದ್ದರೆ ಇಲ್ಲ. ರಕ್ತ ಕೊಡಲು ತೋಳು ಬಿಚ್ಚಬೇಕು, ತೋಳು ಬಿಚ್ಚಿದರೆ ಹಾಲೆಂಡ್ ಕಾಣುತ್ತದೆ. ಮಿಲ್ಲಾ ಒಂದು ರಾತ್ರಿ ಕೂತು ಉಣ್ಣೆ ಅಂಗಿಯ ಮೊಣಕೈ ಒಳಭಾಗಕ್ಕೆ ಸರಿಯಾಗಿ ಒಂದು ಕಿಟಕಿ ಕತ್ತರಿಸಿದಳು. ಅದಕ್ಕೆ ಬಟ್ಟೆಯ ಬಾಗಿಲು, ಬಾಗಿಲಿಗೆ ಗುಂಡಿ. ಸೂಜಿ ಹಿಡಿದ ಹುಡುಗಿ ಗುಂಡಿ ಬಿಚ್ಚುವುದು, ರಕ್ತ ತೆಗೆಯುವುದು, ಗುಂಡಿ ಹಾಕುವುದು. ‘ಶೀತದ ಮೈಯವನಿಗೆ ಎಷ್ಟು ಮುತುವರ್ಜಿ ನೋಡಿ!’ ಎಂದು ಊರೆಲ್ಲ ಹೊಗಳಿತು. ಇರ್ಮಾ ಕೂಡ ಹೊಗಳಿದಳು ಎಂದರೆ ನೀವೇ ಲೆಕ್ಕ ಹಾಕಿ.

ರಕ್ತ ಕೊಟ್ಟವನಿಗೆ ರಕ್ತ ತುಂಬಬೇಕಲ್ಲ? ಅದಕ್ಕೆ ಮಿಲ್ಲಾಳ ಹತ್ತಿರ ಪೆನ್ಸ್ ಇತ್ತು. ಹಂದಿಯ ರಕ್ತಕ್ಕೆ ಬ್ರೆಡ್ಡು, ಕೊಬ್ಬು, ಈರುಳ್ಳಿ ಕಲಸಿ ಕರುಳಿಗೆ ತುಂಬಿ ಬೇಯಿಸಿ, ಆಮೇಲೆ ಬೆಣ್ಣೆಯಲ್ಲಿ ಹುರಿದು ಸೇಬಿನ ಗೊಜ್ಜಿನ ಜೊತೆ ಬಡಿಸುವ ತಿನಿಸು. ಮಿಲ್ಲಾಳ ಪೆನ್ಸ್ ವಾಸನೆಗೆ ಸತ್ತವರು ಎದ್ದು ಕೂತು ತಟ್ಟೆ ಕೇಳುತ್ತಾರೆ ಎಂಬುದು ಅವಳದೇ ಹೇಳಿಕೆ. ಅವಳು ಅದನ್ನು ಫಿರ್ಮಿನ್ನಿಗೆ ಬಂದ ದಿನದಿಂದಲೂ ಆಗಾಗ ಬಡಿಸುತ್ತಿದ್ದಳು, ಈಗ ವಾರವಾರವೂ ಬಡಿಸಿದಳು. ಪ್ರತಿ ಸಲ ತಟ್ಟೆ ನೆಕ್ಕಿದಷ್ಟು ಸ್ವಚ್ಛವಾಗಿ ವಾಪಸ್ ಬರುತ್ತಿತ್ತು. ಆದರೂ ಫಿರ್ಮಿನ್ ಕಡ್ಡಿ. ಮನೆಯ ನಾಯಿ ಪ್ರಿನ್ಸ್ ಮಾತ್ರ ಪೀಪಾಯಿಯಾಗುತ್ತ ಹೋಯಿತು. ಅದು ನಾಯಿಯ ಜಾತಿಗುಣ ಎಂದುಕೊಂಡಳು ಮಿಲ್ಲಾ.

ಹಳೆಯ ಡಾಕ್ಟರು ನಾಲಿಗೆ ನೋಡಿ, ನಾಡಿ ಹಿಡಿದು, ಹವಾಮಾನ ಮಾತಾಡಿ ಕಳಿಸುವವರು. ಅವರು ನಿವೃತ್ತರಾದರು. ಬಂದವಳು ಡಾಕ್ಟರ್ ಲಾನೆನ್. ಎಷ್ಟು ಚಿಕ್ಕವಳೆಂದರೆ, ಡಾಕ್ಟರ ಮಗಳು ಹೂಕುಂಡಕ್ಕೆ ನೀರು ಹಾಕಲು ಬಂದಿದ್ದಾಳೆ ಎಂದುಕೊಂಡು ಮಿಲ್ಲಾ ಅವಳಿಗೆ, “ಆ ಮೂಲೆಗಿಡ ಒಣಗಿದೆ ನೋಡು ಮಗಳೇ” ಎಂದಳು.

ಹುಡುಗಿ ಗಿಡಕ್ಕೆ ನೀರು ಹಾಕಿಯೇ ಬಂದು ಡಾಕ್ಟರ ಕುರ್ಚಿಯಲ್ಲಿ ಕೂತಳು. ಕಿಟಕಿಯ ಹತ್ತಿರ ನರ್ಸ್ ಹೆರ್ಲಿಂಡ ನಿಂತಿದ್ದಳು.

“ಫಿರ್ಮಿನ್ ಅವ್ರೇ, ಬಿಳಿ ಕಣ ಚೆನ್ನಾಗಿವೆ. ಆದ್ರೆ ನಾನು ಈ ಸಲ ಪೂರ್ತಿ ರಕ್ತ ನೋಡೋಕೆ ಹೇಳಿದ್ದೆ. ಗಾಯ ಆದ್ರೆ ರಕ್ತ ಹೆಪ್ಪುಗಟ್ಸೋ ಕಣ ಇರ್ತವೆ, ಪ್ಲೇಟ್‌ಲೆಟ್ ಅಂತ. ಅವು ನಿಮ್ಮಲ್ಲಿ ತುಂಬಾ ಕಮ್ಮಿ. ಹಿಂದಿನ ಡಾಕ್ಟ್ರು ಬಿಳಿ ಕಣ ಮಾತ್ರ ಎಣಿಸ್ತಿದ್ರು, ಹಾಗಾಗಿ ಇದು ಹಳೇದೋ ಹೊಸದೋ ನಂಗೆ ಗೊತ್ತಾಗ್ತಿಲ್ಲ.” ಡಾಕ್ಟರು ಮಿಲ್ಲಾಳ ಕಡೆ ತಿರುಗಿದಳು. “ನೀವು ದಿನಾ ನೋಡೋರು, ಹೇಳಿ ಅಮ್ಮಾ. ಈ ಮಾತ್ರೆ ಶುರುವಾಗೋಕೆ ಮುಂಚೆ ಇವ್ರ ಮೈಮೇಲೆ ನೀಲಿ ಕಲೆ ಏನಾದ್ರೂ ಬರ್ತಿತ್ತಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಿಲ್ಲಾ ಮೊದಲು ಹೆರ್ಲಿಂಡಳ ಮುಖ ನೋಡಿದಳು.

“ಕಲೇನಾ? ಇವನ ಮೈಮೇಲಾ? ಒಂದೂ ಇಲ್ಲ ಡಾಕ್ಟ್ರಮ್ಮ! ಬಿಷಪ್ಪರ ಬೆನ್ನಿದ್ದ ಹಾಗಿದೆ ಇವನ ಮೈ.”

“ಬಿಷಪ್ಪರ ಬೆನ್ನು ಎಲ್ಲಿ ನೋಡಿದ್ರಿ ಚಿಕ್ಕಮ್ಮ?” ಎಂದ ಫಿರ್ಮಿನ್.

“ಸುಮ್ನಿರೋ.”

ಡಾಕ್ಟರು ಮುಖ ಸಣ್ಣದು ಮಾಡಿದಳು. “ಹಾಗಾದ್ರೆ ಇದು ಹೊಸದು. ಹೊಸದು ಅಂದ್ರೆ ಮಾತ್ರೆಯಿಂದ್ಲೇ ಬಂದಿರ್ಬೇಕು. ಸೋಮವಾರ ಬನ್ನಿ. ಆಗ್ಲೂ ಹೀಗೇ ಇದ್ರೆ ಮಾತ್ರೆ ನಿಲ್ಲಿಸ್ದೆ ಬೇರೆ ದಾರಿ ಇಲ್ಲ. ನಿಲ್ಲಿಸೋವಾಗ ಇವ್ರು ಮನೇಲಿರೋದು ಬೇಡ, ವಾರ್ಡಿಗೆ ಬರ್ಲಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮಿಲ್ಲಾ ಬಾಯಿ ತೆರೆದಳು. ಹೆರ್ಲಿಂಡ ಕಿಟಕಿಯಿಂದ ನೋಡುತ್ತಲೇ ಇದ್ದಳು. ಮಿಲ್ಲಾ ಬಾಯಿ ಮುಚ್ಚಿದಳು.

ದಾರಿಯುದ್ದಕ್ಕೂ ಇಬ್ಬರೂ ಸೈಕಲ್ ತಳ್ಳಿಕೊಂಡೇ ನಡೆದರು. ಚರ್ಚಿನ ಹತ್ತಿರ ಬಂದಾಗ ಫಿರ್ಮಿನ್ ಕೇಳಿದ, “ಡೋಲಿನವನು ಬರ್ತಾನಾ ಚಿಕ್ಕಮ್ಮ?”

“ಯಾವ ಡೋಲೂ ಇಲ್ಲ, ಗೀಲೂ ಇಲ್ಲ. ಬಂದ್ರೆ ಪೊರಕೆ ತಗೊಂಡು ಓಡಿಸ್ತೀನಿ.”

“ನೀವು ತಲೆಯೊಳಗೆ ಹೇಗೆ ಬರ್ತೀರಿ?”

ಅವಳು ಫಿರ್ಮಿನ್ನನ್ನು ಹೊರಗೆ ನಿಲ್ಲಿಸಿ ಸಂತ ದಿಂಫ್ನಾಳ ಮುಂದೆ ಮೇಣದ ಬತ್ತಿ ಹಚ್ಚಿದಳು. ಸಂತಳು ತಲೆ ಕೆಟ್ಟವರ ತಾಯಿ, ಸರಿ. ಆದರೆ ಸುಳ್ಳು ಹೇಳಿದವರ ಚಿಕ್ಕಮ್ಮನೇನಲ್ಲವಲ್ಲ. ಬತ್ತಿ ಎರಡು ಸಲ ಆರಿತು. ಗಾಳಿ, ಎಂದುಕೊಂಡಳು ಮಿಲ್ಲಾ. ಬಾಗಿಲು ಹಾಕಿತ್ತು.

ಆ ಶನಿವಾರ, ಭಾನುವಾರ ಅವಳು ಪೆನ್ಸ್ ಮೇಲೆ ಪೆನ್ಸ್ ಬಡಿಸಿದಳು. ಕೆಂಪು ಬೀಟ್‌ರೂಟ್ ಬೇಯಿಸಿದಳು. ತನ್ನ ತೋಳನ್ನೇ ಆ ಉಣ್ಣೆ ಕಿಟಕಿಯಿಂದ ಹೊರಗೆ ಚಾಚಿ ಫಿರ್ಮಿನ್ನಿನದೆಂದು ಕೊಟ್ಟುಬಿಟ್ಟರೆ ಹೇಗೆ ಎಂದು ಕೂಡ ಯೋಚಿಸಿ, ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತು ನೋಡಿದಳು. ತೋಳು ಹಿಡಿಸಿತು. ಉಳಿದದ್ದು ಹಿಡಿಸಲಿಲ್ಲ.

ಮಹಡಿಯಲ್ಲಿ ಫಿರ್ಮಿನ್ ಬಟ್ಟೆ ಮಡಚುತ್ತಿದ್ದ.

“ಏನೋ ಮಾಡ್ತಿದೀಯಾ?”

“ವಾರ್ಡಿಗೆ ಉಣ್ಣೆ ಅಂಗಿ ತಗೊಂಡು ಹೋಗ್ಲಾ, ಇಲ್ಲೇ ಬಿಟ್ಟು ಹೋಗ್ಲಾ? ಅಲ್ಲಿ ನನ್ನ ಮೈ ಶೀತದ್ದು ಅಂತ ಯಾರಿಗೂ ಗೊತ್ತಿಲ್ಲ.”

ಮಿಲ್ಲಾ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಪ್ರಿನ್ಸ್ ಬಂದು ಅವಳ ಕಾಲ ಮೇಲೆ ಕೂತಿತು. ಮೂರು ಚೀಲ ಆಲೂಗೆಡ್ಡೆ ಹೇರಿದ ಹಾಗಾಯಿತು.

ಸೋಮವಾರ ಬಂತು. ರಕ್ತ ಕೊಟ್ಟಾಯಿತು, ಎಣಿಸಿಯೂ ಆಯಿತು. ಕಣಗಳು ಕಮ್ಮಿಯೇ. ಮೂರು ಕೇಜಿ ಪೆನ್ಸ್ ಏನೂ ಮಾಡಿರಲಿಲ್ಲ.

“ವಾರ್ಡಿಗೆ ಸೇರಿಸೋಕೆ ಮುಂಚೆ ರಕ್ತದೊತ್ತಡ ನೋಡ್ತೀನಿ,” ಎಂದು ಡಾಕ್ಟರು ತೋಳಿಗೆ ಕಟ್ಟುವ ಪಟ್ಟಿ ತೆಗೆದಳು. “ಅಂಗಿ ತೆಗೀತೀರಾ?”

“ನಂದು ಶೀತದ ಮೈ,” ಎಂದ ಫಿರ್ಮಿನ್, ಪಾಠ ಒಪ್ಪಿಸುವ ಹಾಗೆ.

“ಹೌದು ಡಾಕ್ಟ್ರೇ, ಅವನದು ಮೊದ್ಲಿಂದ್ಲೂ ಹಾಗೇ,” ಎಂದಳು ಹೆರ್ಲಿಂಡ. “ಬೇಕಾದ್ರೆ ಅಂಗಿ ಮೇಲೇ ಕಟ್ಟಿ.”

“ಸರಿ, ಮೇಲೇ ಕಟ್ಟೋಣ.”

ಇಷ್ಟೇ ಸಾಕಿತ್ತು. ಪಟ್ಟಿ ಅಂಗಿಯ ಮೇಲೆ ಕೂರುತ್ತಿತ್ತು, ಮಿಲ್ಲಾಳ ಮನೆಯ ಹೆಸರು ಉಳಿಯುತ್ತಿತ್ತು, ಚರ್ಚಿನ ಮುಂದಿನ ಸಾಲು ಉಳಿಯುತ್ತಿತ್ತು. ಫಿರ್ಮಿನ್ ಮಾತ್ರ ಡೋಲಿನವನ ಪಾಲಾಗುತ್ತಿದ್ದ. ಅವನು ತೋಳು ಚಾಚಿ, ಮಿಲ್ಲಾಳ ಕಡೆ ನೋಡಿ, ‘ಸರಿಯಾಗಿ ಹೇಳಿದೆನಾ?’ ಎನ್ನುವ ಹಾಗೆ ಹುಬ್ಬು ಹಾರಿಸಿದ.

ಮಿಲ್ಲಾ ಎದ್ದಳು. ಅವನ ಕೊರಳ ಗುಂಡಿಯಿಂದ ಹಿಡಿದು ಎಲ್ಲ ಗುಂಡಿ ಬಿಚ್ಚಿ, ಅಂಗಿಯನ್ನು ತಲೆಯ ಮೇಲಿನಿಂದ ಮೊಲದ ಚರ್ಮ ಸುಲಿದ ಹಾಗೆ ಎಳೆದು ತೆಗೆದಳು. ಪ್ಯಾಂಟಿನ ಕಾಲನ್ನೂ ಮೊಣಕಾಲ ತನಕ ಏರಿಸಿದಳು.

“ನೋಡಿ! ಇಲ್ಲಿ ನೋಡಿ, ಇಲ್ಲೂ ನೋಡಿ. ಬಂದ ವಾರದಿಂದ ಇವೆ. ನಿಮ್ಮ ಮಾತ್ರೆ ಆಗ ಹುಟ್ಟೇ ಇರ್ಲಿಲ್ಲ. ಗಾಳಿ ತಾಗಿದ್ರೆ ಕಲೆ, ನೊಣ ಕೂತ್ರೆ ಕಲೆ. ನಾನು ಹೊಡೆದಿಲ್ಲ. ಹೊಡೆದಿಲ್ಲ ಅಂದ್ರೆ ನಂಬಲ್ಲ ಅಂತ ಮುಚ್ಚಿಟ್ಟೆ. ಈಗ ಕಂಬದ ಹಿಂದೆ ಕೂರಿಸ್ತೀರೋ, ಚರ್ಚಿನ ಛಾವಣಿ ಮೇಲೆ ಕೂರಿಸ್ತೀರೋ, ಕೂರಿಸಿ. ಮಾತ್ರೆ ಮಾತ್ರ ಕಿತ್ಕೋಬೇಡಿ.”

ಹೆರ್ಲಿಂಡಳ ಮುಖ ಕೆಂಪಗಾಯಿತು. “ಮಿಲ್ಲಕ್ಕಾ! ಇಷ್ಟು ವರ್ಷ!”

ಆದರೆ ಡಾಕ್ಟರ್ ಲಾನೆನ್ ಮುಖ ನೋಡಬೇಕಿತ್ತು. ಪೈನ್ ತೋಪಿನಲ್ಲಿ ಎಲೆ ಸರಿಸಿದಾಗ ಬುಟ್ಟಿಗಟ್ಟಲೆ ಅಣಬೆ ಸಿಕ್ಕವಳ ಹಾಗೆ ಅರಳಿತ್ತು.

“ಆಹಾ, ಎಷ್ಟು ಚೆನ್ನಾಗಿದೆ ಈ ಕಲೆ!”

“ಇವಳ ತಲೆ ನೆಟ್ಟಗಿದೆಯಾ?” ಎಂದು ಮಿಲ್ಲಾ ಫಿರ್ಮಿನ್ನಿನ ಕಿವಿಯಲ್ಲಿ ಕೇಳಿದಳು.

“ಕೇಳಬಾರದು ಚಿಕ್ಕಮ್ಮ,” ಎಂದ ಅವನು. “ಏನ್ ತಿಂತಾರೆ ಅಂತ ಕೇಳಿ.”

ಡಾಕ್ಟರು ಬರಿಯ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದಳು. ತುಂಬಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಫಿರ್ಮಿನ್ನಿನ ಉದ್ದ ಬೆರಳುಗಳು ತಾವಾಗಿಯೇ ಕೂಡಿಕೊಂಡು, ಮಣಿಕಟ್ಟು ಬಾಗಿ, ಕೈ ಕೊಕ್ಕರೆಯ ಕೊಕ್ಕಿನ ಹಾಗೆ ಸೆಟೆಯಿತು. ಡಾಕ್ಟರು ಬಗ್ಗಿ ಆ ಕೈಯನ್ನೇ ನೋಡಿದಳು.

“ಇದು ಯಾವಾಗಿಂದ?”

“ಓ, ಅದು ಏಡಿ ಕೈ,” ಎಂದಳು ಮಿಲ್ಲಾ. “ಚಳಿಗಾಲದಲ್ಲಿ ಬರತ್ತೆ. ಬಾತುಕೋಳಿ ಕೊಬ್ಬು ತಿಕ್ಕಿದ್ರೆ ಹೋಗತ್ತೆ. ನನ್ನ ಅರ್ಧ ಡಜನ್ ಕಪ್ಪು ಒಡೆದಿದಾನೆ.”

“ಕೊಬ್ಬಿನಿಂದ ಹೋಗಲ್ಲಮ್ಮ. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿ ಇದ್ರೆ ಹೀಗಾಗತ್ತೆ.” ಡಾಕ್ಟರು ಗಾಳಿ ಬಿಟ್ಟು, ಕೈಯನ್ನು ಮೆಲ್ಲಗೆ ಸಡಿಲಿಸಿದಳು. ಅವನ ಮುಖವನ್ನು, ಕಿವಿಯನ್ನು ಈಗಷ್ಟೇ ಕಂಡವಳ ಹಾಗೆ ನೋಡಿದಳು. “ಫಿರ್ಮಿನ್ ಅವ್ರೇ, ಒಂದು ವಿಚಿತ್ರ ಪ್ರಶ್ನೆ. ಚಿಕ್ಕವರಿದ್ದಾಗ ಹಾಲು ಕುಡಿದ್ರೆ ಮೂಗಿಂದ ಬರ್ತಿತ್ತಾ?”

ಫಿರ್ಮಿನ್ ಬೆಚ್ಚಿಬಿದ್ದ. “ನಿಮಗ್ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ.”

“ಬರ್ತಿತ್ತು. ಶಾಲೇಲಿ ಎಲ್ಲ ಸುತ್ತ ನಿಂತು ನೋಡೋರು. ‘ಇನ್ನೊಂದ್ಸಲ, ಇನ್ನೊಂದ್ಸಲ’ ಅನ್ನೋರು. ಮೇಷ್ಟ್ರು ಮಾತ್ರ ಬೇಕಂತ ಮಾಡ್ತಾನೆ ಅಂತ ಹೊಡೆಯೋರು. ಹೊಡೆದ್ರೆ ಕಲೆ. ಕಲೆ ಆದ್ರೆ ಅಮ್ಮ, ಯಾರ ಜೊತೆ ಗುದ್ದಾಡಿ ಬಂದೆ ಅಂತ ಇನ್ನೊಂದು ಕೊಡೋಳು.”

ಡಾಕ್ಟರು ಕುರ್ಚಿ ಎಳೆದುಕೊಂಡು ಅವರಿಬ್ಬರ ಎದುರು ಕೂತಳು. ಕಲೆ ಒಂದೇ ಆದರೆ ಏನೂ ಅಲ್ಲ. ಕೈ ಸೆಟೆಯುವುದೊಂದೇ ಆದರೂ ಏನೂ ಅಲ್ಲ. ಮೂಗಿನ ಮಾತು, ಸಪೂರ ಬೆರಳು, ಪುಟ್ಟ ಕಿವಿ, ಮೂಗಿನ ಹಾಲು, ತಲೆಯೊಳಗಿನ ಬ್ಯಾಂಡ್. ಇವೆಲ್ಲ ಬೇರೆ ಬೇರೆ ಬೀದಿಯವರ ಹಾಗೆ ಕಾಣುತ್ತವೆ, ಆದರೆ ಒಂದೇ ಮನೆಯವು ಇರಬಹುದು ಎಂದಳು. ಹುಟ್ಟುವಾಗಲೇ ಬಂದದ್ದು. ದೊಡ್ಡ ಪ್ರಯೋಗಾಲಯಕ್ಕೆ ರಕ್ತ ಕಳಿಸಿ ನೋಡಬೇಕು. ಅಲ್ಲಿಯ ತನಕ ಮಾತ್ರೆಗೆ ಕೈ ಹಚ್ಚುವುದಿಲ್ಲ, ರಕ್ತ ಮಾತ್ರ ವಾರವಾರವೂ ನೋಡುತ್ತಿರೋಣ.

“ಅಂದ್ರೆ ಡೋಲಿನವನು ಬರಲ್ವಾ?” ಎಂದ ಫಿರ್ಮಿನ್.

“ನಾನಂತೂ ಕರೆಯಲ್ಲ.”

ಉತ್ತರ ಬರುವ ಹೊತ್ತಿಗೆ ಸೇಬಿನ ಮರ ಬೋಳಾಗಿತ್ತು. ಡಾಕ್ಟರ್ ಲಾನೆನ್ ಅದನ್ನು ಹಿಡಿದುಕೊಂಡು ಮಿಲ್ಲಾಳ ಅಡುಗೆಮನೆಗೇ ಬಂದಳು, ಜೊತೆಯಲ್ಲಿ ಮುಖ ಬಿಗಿದ ಹೆರ್ಲಿಂಡ. ಮಿಲ್ಲಾ ವಾಫಲ್ ಸುಡುತ್ತಿದ್ದಳು.

“ಇಪ್ಪತ್ತೆರಡನೇ ಕ್ರೋಮೋಸೋಮಿನಲ್ಲಿ ಒಂದು ಚೂರು ಇಲ್ಲ. ಹುಟ್ಟೋಕ್ಕಿಂತ ಮುಂಚೆನೇ ಬಿಟ್ಟುಹೋಗಿದೆ,” ಎಂದು ಡಾಕ್ಟರು ಶುರುಮಾಡಿದಳು. ಮಿಲ್ಲಾ ಲ್ಯಾಟಿನ್ ಪ್ರಾರ್ಥನೆಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದಳು. ಡಾಕ್ಟರು ತಟ್ಟೆಯಲ್ಲಿದ್ದ ವಾಫಲ್ ನೋಡಿ, ಮುಂದಿನದನ್ನೂ ನೋಡಿ, ಅದರ ಮುಂದಿನದನ್ನೂ ನೋಡಿದಳು. “ಎಲ್ಲದರಲ್ಲೂ ಈ ಮನೆ ಯಾಕೆ ಮುಚ್ಚಿದೆ?”

“ಅಚ್ಚಿನ ಹಲ್ಲು ಮುರಿದಿದೆ ಡಾಕ್ಟ್ರಮ್ಮ. ನನ್ನಜ್ಜಿ ಕಾಲದ್ದು.”

“ಹಿಟ್ಟು ಒಳ್ಳೇದು ಹಾಕಿದ್ರೆ?”

“ಯಾವ ಹಿಟ್ಟು ಹಾಕಿದ್ರೂ ಅದು ಹಾಗೇ. ರಾಣಿ ಬಂದು ಸುಟ್ರೂ ಹಾಗೇ.”

“ಇಷ್ಟೇ ನಾನು ಹೇಳೋಕೆ ಬಂದಿದ್ದು.”

ಅಚ್ಚು ಚುರುಗುಟ್ಟುತ್ತಿತ್ತು. ಫಿರ್ಮಿನ್ ಕುರುಡು ಮನೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ.

“ಹಾಗಾದ್ರೆ,” ಎಂದ, “ಹಾಲು ನಾನು ಬೇಕಂತ ಮಾಡಿದ್ದಲ್ಲ.”

“ಅಲ್ಲ.”

“ಮೇಷ್ಟ್ರು ಸತ್ತುಹೋದ್ರು. ಇಲ್ದಿದ್ರೆ ಒಂದು ಕಾಗದ ಬರೀಬಹುದಿತ್ತು.” ಆಮೇಲೆ ಆ ವಾಫಲ್ ಪೂರ್ತಿ ತಿಂದ, ಇನ್ನೊಂದು ಕೇಳಿದ.

ಕ್ಯಾಲ್ಸಿಯಂ ಮಾತ್ರೆ ಬಂತು, ಏಡಿ ಕೈ ಹೋಯಿತು, ಕಪ್ಪುಗಳು ಬದುಕಿದವು. ಬ್ಯಾಂಡ್ ಓಡಿಸಿದ ಮಾತ್ರೆ ಉಳಿಯಿತು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆರ್ಲಿಂಡ ಎಂಬ ಹೆಂಗಸಿಗೆ ಯಾವುದನ್ನೂ ಇದ್ದಲ್ಲಿಗೆ ಬಿಡುವ ಅಭ್ಯಾಸವಿಲ್ಲ.

“ಕಲೆ ನೀವು ಮಾಡಿದ್ದಲ್ಲ, ಒಪ್ಪಿದೆ ಮಿಲ್ಲಕ್ಕ. ಮುಚ್ಚಿಟ್ಟಿದ್ದು ನೀವೇ. ಅವತ್ತು ಬಾಯಿ ಬಿಡದೆ ಇದ್ದಿದ್ರೆ ಇವನ ಗತಿ ಏನು? ಈ ಮನೇಲಿ ಇರ್ತಾನಾ, ಬೇರೆ ಮನೆ ನೋಡ್ಬೇಕಾ, ಅವನನ್ನೇ ಕೇಳ್ತೀನಿ. ಅವನು ಅಂದಿದ್ದೇ ಕೊನೆ ಮಾತು. ನೀವು ಹೊರಗೆ ಹೋಗಿ.”

ಮಿಲ್ಲಾ ಹೊರಗೆ ಹೋದಳು. ಹೋಗಿ ಅಡುಗೆಮನೆ ಕಿಟಕಿಯ ಕೆಳಗೆ ಎಲೆಕೋಸಿಗೆ ನೀರು ಹಾಕಿದಳು. ಮಳೆ ಬರುತ್ತಿತ್ತು, ಆದರೂ ಹಾಕಿದಳು. ಒಳಗಿನಿಂದ ಮೂಗಿನ ಮಾತು ಗುಂಯ್‌ಗುಟ್ಟುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ಆಮೇಲೆ ಹೆರ್ಲಿಂಡ ನಕ್ಕದ್ದು ಕೇಳಿಸಿತು. ಹೆರ್ಲಿಂಡ ನಕ್ಕದ್ದನ್ನು ನಮ್ಮ ಊರಿನಲ್ಲಿ ಕೇಳಿದವರು ಅಪರೂಪ. ಮಿಲ್ಲಾಳ ಕೈಯಿಂದ ನೀರಿನ ಡಬ್ಬಿ ಬಿದ್ದೇಹೋಯಿತು.

“ಇರ್ತಾನಂತೆ,” ಎಂದಳು ಹೆರ್ಲಿಂಡ ಬಾಗಿಲಿಗೆ ಬಂದು, ಕಣ್ಣೊರೆಸಿಕೊಳ್ಳುತ್ತ. “ಆದ್ರೆ ಒಂದು ಕರಾರು. ಅವನೇ ಹೇಳ್ತಾನೆ. ಭಾನುವಾರ ಸಂಜೆ ಬಂದು ಏನಾಯ್ತು ಅಂತ ಕೇಳ್ಕೊಂಡು ಹೋಗ್ತೀನಿ.”

ಫಿರ್ಮಿನ್ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ.

“ಚಿಕ್ಕಮ್ಮ, ನೀವು ನಂಗೋಸ್ಕರ ನಿಜ ಹೇಳಿದ್ರಿ. ನಾನೂ ಹೇಳ್ಬೇಕಲ್ವಾ?”

“ಹೇಳೋ ಮಗಾ. ಏನ್ ಬೇಕಾದ್ರೂ ಹೇಳು. ಬೇರೆ ಕೋಣೆ ಬೇಕಾ? ಗಂಡನ ಕೋಣೆ ಖಾಲಿ ಇದೆ.”

“ಕೋಣೆ ಚೆನ್ನಾಗಿದೆ. ಪೆನ್ಸ್ ಬೇಡ.”

“ಏನು?”

“ಪೆನ್ಸ್. ನಂಗೆ ಆಗಲ್ಲ. ಬಂದ ದಿನದಿಂದ ಒಂದು ತುಂಡೂ ತಿಂದಿಲ್ಲ. ಎಲ್ಲ ಪ್ರಿನ್ಸ್‌ಗೆ ಹಾಕ್ತಿದ್ದೆ.”

ಮಿಲ್ಲಾ ನಾಯಿಯನ್ನು ನೋಡಿದಳು. ನಾಯಿ ಗೋಡೆಯನ್ನು ನೋಡಿತು. ಆ ದೇಹದಲ್ಲಿ ಎಷ್ಟು ವರ್ಷದ ಹಂದಿ, ಎಷ್ಟು ಭಾನುವಾರದ ಈರುಳ್ಳಿ, ಎಷ್ಟು ಬೆಣ್ಣೆ!

“ನನ್ನ ಪೆನ್ಸ್? ನಾಯಿಗೆ? ಲೋ, ಆ ಪೆನ್ಸ್‌ಗೆ ಪಾದ್ರಿಗಳು ಪಾತಕ ಕ್ಷಮಿಸಿದಾರೆ ಕಣೋ!”

“ಭಾನುವಾರ ಮಧ್ಯಾಹ್ನ ತಟ್ಟೇಲಿ ಪೆನ್ಸ್ ಇದ್ರೆ ಹೋಗ್ತೀನಿ,” ಎಂದ ಫಿರ್ಮಿನ್, ಮೂಗಿನಿಂದ, ಆದರೆ ಗಟ್ಟಿಯಾಗಿ. “ಇಲ್ದಿದ್ರೆ ಸಾಯೋ ತನಕ ಇರ್ತೀನಿ. ಶವಪೆಟ್ಟಿಗೇಲೇ ಹೋಗ್ತೀನಿ, ತುಂಬಿದ ಹೊಟ್ಟೇಲಿ.”

ಮಿಲ್ಲಾ ಮೂರು ದಿನ ಅವನ ಜೊತೆ ಮಾತಾಡಲಿಲ್ಲ. ನಾಯಿಯ ಜೊತೆಯೂ ಮಾತಾಡಲಿಲ್ಲ. ಸುಳ್ಳುಗಾತಿಯೆಂದು ಇಡೀ ಊರಿಗೆ ಗೊತ್ತಾದದ್ದು ಅವಳಿಗೆ ಅಷ್ಟು ನೋಯಲಿಲ್ಲ, ಇದು ನೋಯಿತು. ಪೆನ್ಸ್ ಎಂದರೆ ಅವಳ ತಾಯಿ, ತಾಯಿಯ ತಾಯಿ. ಇರ್ಮಾ ಬೇಲಿಯಾಚೆಯಿಂದ, “ಈ ವಾರ ಕಸಾಯಿ ಅಂಗಡಿಗೆ ಹೋಗಲ್ವಾ ಮಿಲ್ಲಾ?” ಎಂದಾಗ, “ಹೋಗೋಳಿಗೆ ನಿನ್ನ ಅಪ್ಪಣೆ ಬೇಕಾ?” ಎಂದು ಬುಟ್ಟಿ ಹಿಡಿದು ಹೊರಟೇಬಿಟ್ಟಳು. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿಕೊಂಡು ವಾಪಸ್ ಬಂದಳು.

ಭಾನುವಾರ ಫಿರ್ಮಿನ್ ಬಿಳಿ ತೆಳು ಅಂಗಿ ಹಾಕಿಕೊಂಡು, ತೋಳು ಮಡಚಿ, ಕಲೆಗಳನ್ನೆಲ್ಲ ಗಾಳಿಗೆ ಬಿಟ್ಟುಕೊಂಡು ಮೇಜಿಗೆ ಬಂದ. ಪೆಟ್ಟಿಗೆ ಬಾಗಿಲ ಹತ್ತಿರವೇ ಕಟ್ಟಿ ಇಟ್ಟಿದ್ದ. ತಲೆಯೊಳಗೆ ಕೊಳಲಿನವನೂ ನುಡಿಸುವುದು ನಿಲ್ಲಿಸಿ ಕಾಯುತ್ತಿದ್ದನಂತೆ. ಅಡುಗೆಮನೆಯಲ್ಲಿ ಬೆಣ್ಣೆ ಚುರುಗುಟ್ಟಿತು, ಸೇಬಿನ ಗೊಜ್ಜಿನ ಘಮ ಬಂತು. ಮಿಲ್ಲಾ ತಟ್ಟೆ ತಂದಳು. ತಟ್ಟೆಯ ಮೇಲೆ ಮುಚ್ಚಳ. ತಂದು ಅವನ ಮುಂದೆ ಇಟ್ಟಳು, ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಂಡಳು, ಎದುರು ಕುರ್ಚಿಯಲ್ಲಿ ಕೂತಳು.

“ತೆಗಿ,” ಎಂದಳು.

ಪ್ರಿನ್ಸ್ ಪೆನ್ಸ್ ಬಡಿಸಿದಾಗಲೆಲ್ಲ ಫಿರ್ಮಿನ್ನಿನ ಕಾಲ ಬಳಿ ಕೂರುವ ನಾಯಿ. ಅವತ್ತು ಒಮ್ಮೆ ಮೂಗೆತ್ತಿ ಮೂಸಿತು, ದೊಡ್ಡದೊಂದು ನಿಟ್ಟುಸಿರು ಬಿಟ್ಟಿತು, ಎದ್ದು ಹೋಗಿ ಬಾಗಿಲ ಹತ್ತಿರದ ಪೆಟ್ಟಿಗೆಯ ಮೇಲೆ ಮಲಗಿತು. ಆ ಪೆಟ್ಟಿಗೆಯನ್ನು ಇನ್ನು ಎತ್ತಬೇಕೆಂದರೆ ಎರಡು ಕುದುರೆ ಬೇಕು.

ಫಿರ್ಮಿನ್ ಮುಚ್ಚಳಕ್ಕೆ ಕೈ ಹಾಕಿದ. ಒಳಗೆ ಏನಿತ್ತು? ಇಷ್ಟು ಹೊತ್ತು ಕೇಳಿಸಿಕೊಂಡಿರಲ್ಲ, ಈಗ ನೀವು ಹೇಳಿ.